ಬ್ರದರ್‌ಗಳ ಶಾಲೆಯ ಬಿ ಸೆಕ್ಷನ್

ಬ್ರದರ್ ಬೇರೆ, ಫಾದರ್ ಬೇರೆ. ನಮ್ಮ ಚಿಕ್ಕಮಗಳೂರಿನಲ್ಲಿ ಎಷ್ಟೋ ಜನರಿಗೆ ಇದನ್ನು ಇವತ್ತಿಗೂ ಬಿಡಿಸಿ ಹೇಳಬೇಕಾಗುತ್ತದೆ. ಬಿಳಿ ನಿಲುವಂಗಿ ತೊಟ್ಟವರೆಲ್ಲ ಫಾದರ್ ಅಂತಲೇ ಜನರ ಲೆಕ್ಕ. ಫಾದರ್ ಚರ್ಚಿನಲ್ಲಿ ಬಲಿಪೂಜೆ ಅರ್ಪಿಸುತ್ತಾರೆ, ಮದುವೆ ಮಾಡಿಸುತ್ತಾರೆ, ಮಗುವಿಗೆ ದೀಕ್ಷಾಸ್ನಾನ ಕೊಡುತ್ತಾರೆ. ನಾನು ಹೇಳುತ್ತಿರುವ ಬ್ರದರ್‌ಗಳು ಇದ್ಯಾವುದನ್ನೂ ಮಾಡುವುದಿಲ್ಲ. ಅವರಿಗೂ ಮದುವೆ ಇಲ್ಲ, ಸ್ವಂತ ಆಸ್ತಿ ಇಲ್ಲ, ಮೇಲಿನವರು ಕಳಿಸಿದ ಊರಿಗೆ ಹೋಗಬೇಕು. ಅಷ್ಟೆಲ್ಲ ಬಿಟ್ಟು ಬಂದು ಅವರು ಹಿಡಿಯುವ ಕೆಲಸ ಮೇಷ್ಟ್ರ ಕೆಲಸ. ಜೀವನಪೂರ್ತಿ ಅದೇ.

ಅಂಥ ಬ್ರದರ್‌ಗಳು ನಡೆಸುತ್ತಿದ್ದ ಹುಡುಗರ ಶಾಲೆಯೊಂದರಲ್ಲಿ ನಾನು ಗಣಿತದ ಮೇಷ್ಟ್ರಾಗಿದ್ದೆ. ನಮ್ಮ ಜಿಲ್ಲೆಯದೇ ಶಾಲೆ, ಮಲೆನಾಡಿನ ಅಂಚಿನಲ್ಲಿ. ನಾನು ಕ್ರಿಶ್ಚಿಯನ್ ಅಲ್ಲ. ಅಪ್ಪ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಬಿ.ಎಡ್. ಮುಗಿಸಿ ಅರ್ಜಿ ಹಾಕಿದೆ, ಕೆಲಸ ಸಿಕ್ಕಿತು, ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಈಗ ಬರೆಯುವುದರಲ್ಲಿ ನನ್ನ ದೂರು ಕೂಡ ಇದೆ. ಹಾಗಾಗಿ ಶಾಲೆಯ ಹೆಸರನ್ನೂ, ಬ್ರದರ್‌ಗಳ ಸಭೆಯ, ಅಂದರೆ ಅವರು ಸೇರಿರುವ ಧಾರ್ಮಿಕ ಸಂಸ್ಥೆಯ, ಹೆಸರನ್ನೂ ಬಿಟ್ಟಿದ್ದೇನೆ.

ನಮ್ಮಲ್ಲಿ ಪ್ರತಿ ತರಗತಿಗೆ ಎರಡು ಸೆಕ್ಷನ್. ಎ ಅಂದರೆ ಇಂಗ್ಲಿಷ್ ಮೀಡಿಯಂ. ಪ್ಲಾಂಟರ್‌ಗಳ ಮಕ್ಕಳು, ಬ್ಯಾಂಕಿನವರ ಮಕ್ಕಳು, ಅಂಗಡಿಯವರ ಮಕ್ಕಳು. ಬಿ ಅಂದರೆ ಕನ್ನಡ ಮೀಡಿಯಂ. ತೋಟದ ಲೈನ್ ಮನೆಗಳ, ಅಂದರೆ ಕೂಲಿಯವರ ಸಾಲುಮನೆಗಳ ಹುಡುಗರು, ಸಣ್ಣ ಹಿಡುವಳಿಯವರ ಮಕ್ಕಳು, ಹಾಸನ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಕೆಲವು ಕ್ರಿಶ್ಚಿಯನ್ ಹುಡುಗರು. ಸಾತಳ್ಳಿ, ಶೆಟ್ಟಿಹಳ್ಳಿ ಕಡೆಯವರು. ಮನೆಯಲ್ಲಿ ಕನ್ನಡ, ಚರ್ಚಿನಲ್ಲಿ ಕನ್ನಡ. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಾಗ ಶೆಟ್ಟಿಹಳ್ಳಿಯ ಹಳೇ ಚರ್ಚು ಹಿನ್ನೀರಿಗೆ ಸಿಕ್ಕಿತಲ್ಲ, ಈಗ ಮಳೆಗಾಲದಲ್ಲಿ ಜನ ಫೋಟೋ ತೆಗೆಯಲು ಹೋಗುತ್ತಾರಲ್ಲ, ಆ ಶೆಟ್ಟಿಹಳ್ಳಿ. ಅಲ್ಲಿಂದ ಎದ್ದು ಬಂದವರ ಮಕ್ಕಳೂ ನಮ್ಮ ಬಿ ಸೆಕ್ಷನ್ನಿನಲ್ಲಿ ಕೂತಿದ್ದರು.

ಆ ಬಿ ಸೆಕ್ಷನ್ ಈಗ ಇಲ್ಲ. ಅದರ ಬಗ್ಗೆಯೇ ಇವತ್ತು ಬರೆಯುತ್ತಿದ್ದೇನೆ.

ನಾನು ಸೇರಿದಾಗ ಇದ್ದ ಹೆಡ್‌ಮಾಸ್ಟರ್ ಬ್ರದರ್ ದಕ್ಷಿಣ ಕನ್ನಡದವರು, ಮನೆಮಾತು ಕೊಂಕಣಿ. ಕನ್ನಡ ಮಾತಾಡಿದರೆ ‘ಉಂಟು’, ‘ಮಾರಾಯ್ರೆ’ ತಾನಾಗಿ ಬರುತ್ತಿತ್ತು. ದಪ್ಪ ಕನ್ನಡಕ, ಕಾಲಿಗೆ ರಬ್ಬರ್ ಚಪ್ಪಲಿ. ಅನುದಾನಿತ ಶಾಲೆ ಆದ್ದರಿಂದ ಅವರಿಗೂ ನಮ್ಮಂತೆ ಸರ್ಕಾರದ ಸಂಬಳ ಬರುತ್ತಿತ್ತು. ಅದು ನೇರ ಬ್ರದರ್‌ಗಳ ಮನೆಯ ಖಾತೆಗೆ. ಹೊಸ ಚಪ್ಪಲಿ ಬೇಕಾದರೆ ಅಲ್ಲಿ ಕೇಳಿ ಪಡೆಯಬೇಕು. ಇಂಥ ಸಂಬಳಕ್ಕೂ ತೆರಿಗೆ ಹಿಡಿಯಬಹುದು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಪೇಪರಿನಲ್ಲಿ ಓದಿದಾಗ ನನಗೆ ನೆನಪಾದದ್ದು ಆ ಚಪ್ಪಲಿಯೇ.

ಬ್ರದರ್ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇತ್ತು. ಅಂಗಡಿಯವರು ಉದ್ರಿ ಬರೆಯುತ್ತಾರಲ್ಲ, ಅಂಥದ್ದು, ಕೆಂಪು ರಟ್ಟಿನದು. ಅದರಲ್ಲಿ ಒಬ್ಬೊಬ್ಬ ಹುಡುಗನಿಗೆ ಒಂದೊಂದು ಪುಟ. ನಾನು ಸೇರಿದ ಮೊದಲ ವಾರವೇ ಕರೆದು, ಎಂಟನೇ ಬಿ ಪುಟಗಳನ್ನು ತೆರೆದು ನನ್ನ ಮುಂದೆ ತಳ್ಳಿದರು. ‘ಮೇಷ್ಟ್ರೇ, ಇದನ್ನು ಓದಿ ಮತ್ತೆ ಕ್ಲಾಸಿಗೆ ಹೋಗಿ.’

ಒಂದು ಪುಟ ನನಗೆ ಇವತ್ತಿಗೂ ಹಾಗೇ ನೆನಪಿದೆ. ಹೆಸರು ಬಿಟ್ಟು ಬರೆಯುತ್ತೇನೆ.

ಆಲ್ದೂರು ಕಡೆ. ಲೈನ್ ಮನೆ. ತಾಯಿ ಮಾತ್ರ. ಗುಣಾಕಾರ ಚೆನ್ನಾಗಿದೆ. ಭಾಗಾಕಾರದಲ್ಲಿ ನಡುವೆ ಸೊನ್ನೆ ಬಂದರೆ ತಪ್ಪುತ್ತಾನೆ. ಎಡಗಣ್ಣು ಸರಿ ಇಲ್ಲ, ಮುಂದಿನ ಬೆಂಚು. ಎಲ್ಲರೆದುರು ಬೈಯಬಾರದು, ಮೂರು ದಿನ ಬರುವುದಿಲ್ಲ. ಗಂಟೆ ಹೊಡೆಯುವ ಕೆಲಸ ಕೊಟ್ಟಿದೆ. ಅಂದಿನಿಂದ ತಡವಾಗಿ ಬಂದಿಲ್ಲ.

ಇಷ್ಟೇ. ಜಾತಿ ಇಲ್ಲ, ಧರ್ಮ ಇಲ್ಲ, ‘ದಡ್ಡ’ ಎಂಬ ಮಾತು ಯಾವ ಪುಟದಲ್ಲೂ ಇಲ್ಲ. ಬಿ.ಎಡ್.ನಲ್ಲಿ ಮಕ್ಕಳ ಮನಶ್ಶಾಸ್ತ್ರ ಅಂತ ಒಂದು ಪೇಪರ್ ಪಾಸು ಮಾಡಿದ್ದೆ. ಆ ಒಂದು ಪುಟದಲ್ಲಿ ಸಿಕ್ಕಷ್ಟು ತಿಳಿವಳಿಕೆ ಅದರಲ್ಲಿ ಸಿಕ್ಕಿರಲಿಲ್ಲ.

ಹುಡುಗನ ಭಾಗಾಕಾರದ ವಿಷಯ ಹೇಳಬೇಕು. 1224ನ್ನು 12ರಿಂದ ಭಾಗಿಸು ಎಂದು ಬೋರ್ಡಿನ ಮೇಲೆ ಬರೆದೆ. ಅವನು 12 ಎಂದು ಉತ್ತರ ಬರೆದ. ಹನ್ನೆರಡರಲ್ಲಿ ಹನ್ನೆರಡು ಹೋಯಿತು, ಒಂದು. ಕೆಳಗೆ 2 ಇಳಿಸಿದ, ಅದರಲ್ಲಿ ಹನ್ನೆರಡು ಹೋಗುವುದಿಲ್ಲ, ಹಾಗಾಗಿ 4ನ್ನೂ ಇಳಿಸಿದ, ಇಪ್ಪತ್ತನಾಲ್ಕಾಯಿತು, ಎರಡು. ಒಂದು, ಎರಡು, ಹನ್ನೆರಡು. ನಡುವಿನ ಸೊನ್ನೆ ಅವನ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ತಪ್ಪು ಇದು. ನಿಯಮ ಹೇಳಿಕೊಟ್ಟರೆ ಆ ದಿನ ಸರಿ ಮಾಡುತ್ತಾರೆ, ಮರುವಾರ ಮತ್ತೆ ಅದೇ.

ಬೋರ್ಡ್ ಒರೆಸಿ ಕೇಳಿದೆ: ‘ಹನ್ನೆರಡು ಆಳು. ಬಟವಾಡೆ ದಿನ ಎಲ್ಲರಿಗೂ ಸೇರಿ 1224 ರೂಪಾಯಿ ಬಂತು. ಒಬ್ಬೊಬ್ಬರ ಕೈಗೆ ಎಷ್ಟು?’ ಒಂದು ಕ್ಷಣ ಹಿಡಿಯಲಿಲ್ಲ. ‘ನೂರೆರಡು ಸಾರ್’ ಅಂದ. ಹೇಗೆ ಅಂದೆ. ‘ನೂರು ನೂರು ಕೊಟ್ರೆ ಸಾವಿರದಿನ್ನೂರು ಆಯ್ತು. ಇಪ್ಪತ್ನಾಕು ಉಳೀತು. ಎರಡೆರಡು ಕೊಡೋದು.’ ‘ಹಾಗಾದರೆ ಹತ್ತರ ನೋಟು?’ ‘ಒಂದೂ ಇಲ್ಲ ಸಾರ್.’ ಆ ‘ಒಂದೂ ಇಲ್ಲ’ವನ್ನು ಎಲ್ಲಿ ಬರೆಯುತ್ತೀಯಾ ಅಂತ ಕೇಳಿದೆ. ಬೋರ್ಡಿನ ಹತ್ತಿರ ಬಂದು, ಒಂದಕ್ಕೂ ಎರಡಕ್ಕೂ ನಡುವೆ ಸೊನ್ನೆ ಬರೆದ. ಆಮೇಲೆ ಆ ಸೊನ್ನೆ ಅವನಿಗೆ ತಪ್ಪಲಿಲ್ಲ.

ಬಟವಾಡೆ ಅವನು ಕಂಡ ವಿಷಯ. ತಾಯಿ ಸಾಲಿನಲ್ಲಿ ನಿಂತು ದುಡ್ಡು ಎಣಿಸಿಕೊಳ್ಳುವುದನ್ನು ವಾರ ವಾರ ನೋಡಿದವನು. ಅವನು ಯೋಚಿಸುವ ಮಾತಿನಲ್ಲಿ ಕೇಳಿದೆ, ಅವನದೇ ಮಾತಿನಲ್ಲಿ ಉತ್ತರ ಬಂತು. ಇದೇ ಹುಡುಗನನ್ನು ಎ ಸೆಕ್ಷನ್ನಿನಲ್ಲಿ ಕೂರಿಸಿದ್ದರೆ ಮೊದಲು ಪ್ರಶ್ನೆಯೇ ಅರ್ಥ ಆಗುತ್ತಿರಲಿಲ್ಲ. ಅವನಿಗೆ ಸೊನ್ನೆ ತಪ್ಪುತ್ತದೆ ಎಂಬುದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ವರ್ಗವಾಗಿ ಹೋಗುವಾಗ ಬ್ರದರ್ ನನಗೊಂದು ಪುಸ್ತಕ ಕೊಟ್ಟರು. ಇಂಗ್ಲಿಷ್ ಅನುವಾದ, ಅಂಚೆಲ್ಲ ಪೆನ್ಸಿಲ್ ಗುರುತು. ಫ್ರಾನ್ಸಿನ ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ ತಮ್ಮ ಶಾಲೆಗಳನ್ನು ಹೇಗೆ ನಡೆಸಬೇಕು ಎಂದು ಬರೆದದ್ದು. ನಮ್ಮ ಬ್ರದರ್‌ಗಳ ಸಭೆ ಅವರು ಕಟ್ಟಿದ್ದಲ್ಲ. ಆದರೆ ಶಾಲೆ ನಡೆಸುವ ಬ್ರದರ್‌ಗಳ ಸಭೆಗಳಲ್ಲಿ ಹೆಚ್ಚಿನವು ಹಿಡಿದದ್ದು ಅವರು ತೋರಿದ ದಾರಿ. ಐರ್ಲೆಂಡಿನ ವಾಟರ್‌ಫರ್ಡ್‌ನಲ್ಲಿ 1802ರಲ್ಲಿ ಬಡ ಹುಡುಗರಿಗೆ ಶಾಲೆ ತೆರೆದ ಎಡ್ಮಂಡ್ ರೈಸ್ ಆಗಲಿ, 1817ರಲ್ಲಿ ಮಾರಿಸ್ಟ್ ಬ್ರದರ್‌ಗಳ ಸಭೆ ಕಟ್ಟಿದ ಶಾಂಪಾನ್ಯಾ ಆಗಲಿ ಅವರ ನಂತರ ಬಂದವರು. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು ಬೇರೆ. 1880ರಲ್ಲಿ ಅದನ್ನು ಶುರು ಮಾಡಿದವರು ಜೆಸ್ವಿಟರು ಎಂಬ ಇನ್ನೊಂದು ಸಭೆಯವರು, ಅವರಲ್ಲಿ ಹೆಚ್ಚಿನವರು ಫಾದರ್‌ಗಳು.

ದೆ ಲಾ ಸಾಲ್ ಹುಟ್ಟಿದ್ದು 1651ರಲ್ಲಿ, ರ್‍ಹೀಮ್ಸ್ ಎಂಬ ಊರಿನ ದೊಡ್ಡ ಶ್ರೀಮಂತರ ಮನೆಯಲ್ಲಿ. ಹದಿನೈದನೇ ವಯಸ್ಸಿಗೇ ಅಲ್ಲಿಯ ದೊಡ್ಡ ಚರ್ಚಿನಲ್ಲಿ ಪದವಿ ಸಿಕ್ಕಿತ್ತು, ಒಳ್ಳೆಯ ಆದಾಯವೂ ಇತ್ತು. 1679ರಲ್ಲಿ ಆದ್ರಿಯಾಂ ನಿಯೆಲ್ ಎಂಬವರು ಬಡ ಹುಡುಗರಿಗೆ ಶಾಲೆ ತೆರೆಯಲು ಊರಿಗೆ ಬಂದರು. ಇವರು ಸಹಾಯಕ್ಕೆ ನಿಂತರು, ಅಷ್ಟೇ. ಆಗ ಅಂಥ ಶಾಲೆಯ ಮೇಷ್ಟ್ರು ಅಂದರೆ ಊಟಕ್ಕೂ ಗತಿ ಇಲ್ಲದವರು. ಅವರನ್ನು ತನ್ನ ಮನೆಯ ಆಳಿಗಿಂತ ಕೆಳಗೆ ಎಣಿಸಿದ್ದೆ ಎಂದು ದೆ ಲಾ ಸಾಲ್ ತಾವೇ ಬರೆದಿಟ್ಟಿದ್ದಾರೆ. ಅಂಥ ಮೇಷ್ಟ್ರುಗಳನ್ನು ಮೊದಲು ಊಟಕ್ಕೆ ಕರೆದರು. 1681ರಲ್ಲಿ ಮನೆಯಲ್ಲೇ ಇಟ್ಟುಕೊಂಡರು. ನೆಂಟರು ಸಿಟ್ಟಾದರು. ಜೊತೆಯಲ್ಲಿದ್ದ ತಮ್ಮಂದಿರಲ್ಲಿ ಕೆಲವರನ್ನು ಕರೆದುಕೊಂಡು ಹೋದರು.

ಮೇಷ್ಟ್ರುಗಳಿಗೆ ನಾಳೆಯ ಚಿಂತೆ. ದೇವರು ನೋಡಿಕೊಳ್ಳುತ್ತಾನೆ ಅಂತ ಇವರು ಸಮಾಧಾನ ಹೇಳಿದರೆ, ನಿಮಗೇನು, ಆಸ್ತಿ ಇದೆ, ಪದವಿ ಇದೆ, ಶಾಲೆ ಮುಚ್ಚಿದರೆ ಬೀದಿಗೆ ಬರುವವರು ನಾವು ಎಂದು ಅವರು ಮುಖಕ್ಕೇ ಹೇಳಿದರು. ಮೇಷ್ಟ್ರುಗಳು ಹೇಳಿದ್ದು ಸರಿಯಾಗಿಯೇ ಇತ್ತು. 1683ರಲ್ಲಿ ದೆ ಲಾ ಸಾಲ್ ಆ ಪದವಿ ಬಿಟ್ಟರು. ಮರುವರ್ಷದ ಚಳಿಗಾಲದಲ್ಲಿ ಬರ ಬಂದಾಗ ತಮ್ಮ ಪಾಲಿನ ಹಣವನ್ನು ಬಡವರಿಗೆ ರೊಟ್ಟಿ ಕೊಡುವುದರಲ್ಲೇ ಮುಗಿಸಿದರು. ಮೇಷ್ಟ್ರುಗಳ ಜೊತೆ ಸರಿಸಮ ಬಡವರಾದರು.

ಬ್ರದರ್ ಯಾಕೆ ಫಾದರ್ ಆಗಬಾರದು ಎಂಬುದಕ್ಕೂ ಒಂದು ಕಾರಣ ಇದೆ. ದೆ ಲಾ ಸಾಲ್ ತಾವೇನೋ ಪಾದ್ರಿಯೇ. ತಾವು ಕಟ್ಟಿದ ಬ್ರದರ್‌ಗಳ ಸಭೆಯನ್ನು ತಮ್ಮ ನಂತರ ನೋಡಿಕೊಳ್ಳಲಿ ಎಂದು ಒಬ್ಬ ಬ್ರದರನ್ನು ಪಾದ್ರಿಯಾಗಲು ಓದಿಸುತ್ತಿದ್ದರು. 1690ರಲ್ಲಿ ಆತ ದಿಢೀರನೆ ತೀರಿಕೊಂಡ. ದೇವರ ಇಷ್ಟ ಇದೇ ಎಂದು ತಿಳಿದು, ಇನ್ನು ಮುಂದೆ ನಮ್ಮಲ್ಲಿ ಯಾರೂ ಪಾದ್ರಿ ಆಗುವುದು ಬೇಡ, ಎಲ್ಲರೂ ಮೇಷ್ಟ್ರುಗಳೇ ಎಂದು ಗೊತ್ತು ಮಾಡಿದರು. ಚರ್ಚಿನ ಕೆಲಸ ಬಂದರೆ ಮೇಷ್ಟ್ರು ಕ್ಲಾಸು ಬಿಟ್ಟು ಎದ್ದು ಹೋಗುತ್ತಾನೆ. ಮೇಷ್ಟ್ರುಗಳಲ್ಲೇ ಮೇಲು ಕೀಳು ಹುಟ್ಟುತ್ತದೆ. ಮೇಷ್ಟ್ರಾಗಿ ನನಗೆ ಇದು ತುಂಬಾ ದೊಡ್ಡ ಮಾತು ಅನ್ನಿಸುತ್ತದೆ. ನಮ್ಮ ಕೆಲಸ ಬೇರೇನೋ ಆಗುವವರೆಗಿನ ದಾರಿಖರ್ಚಿನ ಕೆಲಸ ಅಲ್ಲ ಎಂದು ನಂಬಿ, ಅದಕ್ಕಾಗಿ ಬೇರೆ ಮರ್ಯಾದೆಯನ್ನೆಲ್ಲ ಬೇಡ ಅಂದವರು ಅವರು.

ಬ್ರದರ್ ನನಗೆ ಕೊಟ್ಟ ಆ ಪುಸ್ತಕದ 1706ರ ಹಸ್ತಪ್ರತಿ ಉಳಿದಿದೆ. ಅಚ್ಚಾದದ್ದು 1720ರಲ್ಲಿ, ಅವರು ತೀರಿಕೊಂಡ ಮರುವರ್ಷ. ಓದುತ್ತಾ ಹೋದಂತೆ ನಮ್ಮ ಶಾಲೆ ಅಲ್ಲಿ ಕಾಣಿಸತೊಡಗಿತು. ಹುಡುಗರ ವಿವರ ಬರೆದಿಡಬೇಕು ಅಂತಿದೆ: ವಯಸ್ಸು, ಯಾವ ಪಾಠದಲ್ಲಿದ್ದಾನೆ, ಸ್ವಭಾವ ಎಂಥದ್ದು, ಗದರಿದರೆ ಸರಿಹೋಗುತ್ತಾನೋ ಇಲ್ಲವೋ. ಮುಂದೆ ಬರುವ ಮೇಷ್ಟ್ರು ಮೊದಲಿನಿಂದ ಶುರು ಮಾಡಬಾರದು ಎಂದೇ ಅದು. ಕೆಂಪು ರಟ್ಟಿನ ಪುಸ್ತಕ ಎಲ್ಲಿಂದ ಬಂತು ಅಂತ ಆಗ ತಿಳಿಯಿತು. ಹುಡುಗರಿಗೆ ಒಂದೊಂದು ಕೆಲಸ ಕೊಡಬೇಕು ಅಂತಿದೆ: ಒಬ್ಬ ಬೀಗದ ಕೈ ಇಟ್ಟುಕೊಳ್ಳುವವನು, ಒಬ್ಬ ಕಾಗದ ಹಂಚುವವನು, ಒಬ್ಬ ಗಂಟೆ ಹೊಡೆಯುವವನು. ಶಾಲೆಗೆ ಬರದವರ ಬಗ್ಗೆ ಒಂದು ಅಧ್ಯಾಯ ಇದೆ. ತಪ್ಪು ಹುಡುಗನದೋ, ತಂದೆತಾಯಿಯದೋ, ಇಲ್ಲಾ ಮೇಷ್ಟ್ರದೋ ಎಂದು ಮೂರೂ ಕಡೆ ನೋಡಬೇಕಂತೆ.

ನಮ್ಮಲ್ಲಿ ಗೈರುಹಾಜರಿಯ ಕಾಲ ಅಂದರೆ ಕಾಫಿ ಕೊಯ್ಲು. ನವೆಂಬರಿನಿಂದ ಅರೇಬಿಕಾ, ಅದರ ಬೆನ್ನಿಗೆ ರೊಬಸ್ಟಾ. ತಾಯಂದಿರು ಹಣ್ಣು ಬಿಡಿಸಲು ಹೋದರೆ ತಂಗಿ ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿ ಇವನೇ ಉಳಿಯಬೇಕು. ಬ್ರದರ್ ಭಾನುವಾರ ಬಸ್ಸಿನಲ್ಲಿ ಹೋಗಿ, ಗೇಟಿನಿಂದ ನಡೆದು ಲೈನಿಗೆ ಹೋಗುತ್ತಿದ್ದರು. ಮನೆಯವರನ್ನು ಬೈದದ್ದಿಲ್ಲ. ‘ಅಮ್ಮಾ, ಚಿಕ್ಕದನ್ನೂ ಜೊತೆಗೆ ಕಳಿಸಿ, ಅಡ್ಡಿಯಿಲ್ಲ’ ಅನ್ನುತ್ತಿದ್ದರು. ಹಾಗೆ ಬಂದ ತಂಗಿಯರು ಹುಡುಗರ ಶಾಲೆಯ ಹಿಂದಿನ ಬೆಂಚಿನಲ್ಲಿ ಸ್ಲೇಟು ಹಿಡಿದು ಕೂತದ್ದನ್ನು ನಾನೇ ನೋಡಿದ್ದೇನೆ.

ಶಿಕ್ಷೆಯ ಅಧ್ಯಾಯವೂ ಅಲ್ಲಿದೆ. ಎಡಗೈಗೆ ಎರಡು ಮೂರು ಏಟು ಕೊಡಬಹುದು ಅಂತಿದೆ, ಜೊತೆಗೆ ಆದಷ್ಟೂ ಕೊಡಬೇಡಿ ಎಂಬ ಎಚ್ಚರಿಕೆ. ನನಗೆ ಅದು ಸೇರಲಿಲ್ಲ. ಈಗ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದು ಮಕ್ಕಳನ್ನು ಹೊಡೆಯುವುದೇ ಕಾನೂನಿಗೆ ವಿರುದ್ಧ ಆಗಿರುವುದು ಒಳ್ಳೆಯದೇ ಆಯಿತು.

ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಊಟದ ಭಾಗ. ಹುಡುಗರು ರೊಟ್ಟಿ ತಂದು ಕ್ಲಾಸಿನಲ್ಲೇ ತಿನ್ನಬೇಕು. ಒಂದು ಬುಟ್ಟಿ ಇಟ್ಟಿರಬೇಕು. ಜಾಸ್ತಿ ತಂದವರು ಅದಕ್ಕೆ ಹಾಕಬೇಕು, ಅದು ಇಲ್ಲದವರಿಗೆ ಹೋಗಬೇಕು. ಇದು ಪುಸ್ತಕದ ಶುರುವಿನಲ್ಲೇ ಬರುತ್ತದೆ, ಓದು ಬರಹದ ಅಧ್ಯಾಯಗಳಿಗಿಂತ ಮೊದಲು.

ನಮ್ಮ ಬಿ ಸೆಕ್ಷನ್ನಿನಲ್ಲಿ ಬುಟ್ಟಿ ಇರಲಿಲ್ಲ, ಎರಡು ಅಲ್ಯುಮಿನಿಯಂ ಬೋಸಿ ಇದ್ದವು. ಒಂದು ಸಸ್ಯಾಹಾರದ್ದು, ಇನ್ನೊಂದು ಎಲ್ಲದರದ್ದು. ಮಧ್ಯಾಹ್ನ ಗಂಟೆ ಹೊಡೆದ ಮೇಲೆ ಡಬ್ಬಿ ತಂದ ಹುಡುಗ ಒಂದು ಪಾಲನ್ನು ಬೋಸಿಗೆ ಹಾಕಬೇಕು. ಅಕ್ಕಿರೊಟ್ಟಿಯ ತುಂಡು, ಚಿತ್ರಾನ್ನ, ಉಪ್ಪಿಟ್ಟು, ಮೊಸರನ್ನ. ಆಚೆ ಬೋಸಿಗೆ ಒಣಮೀನಿನ ಚಟ್ನಿ ಬಿದ್ದರೆ ಅವತ್ತು ಅದಕ್ಕೇ ಗಿರಾಕಿ ಜಾಸ್ತಿ. ಆಮೇಲೆ ಬೋಸಿ ಸಾಲಿನಲ್ಲಿ ಹೋಗುತ್ತಿತ್ತು. ಇಲ್ಲಿ ಬ್ರದರ್ ಮಾಡಿದ್ದ ನಿಯಮ ನೋಡಿ: ಡಬ್ಬಿ ತಂದವನೂ ಬೋಸಿಯಿಂದ ಒಂದು ತುತ್ತು ತೆಗೆದುಕೊಳ್ಳಲೇಬೇಕು. ಎಲ್ಲರ ಕೈಯೂ ಬೋಸಿಗೆ ಹೋಗುತ್ತಿತ್ತು. ಹಾಗಾಗಿ ಯಾರು ತಂದಿಲ್ಲ ಎಂದು ಬೆರಳು ತೋರಿಸಲು ಯಾರಿಗೂ ಆಗುತ್ತಿರಲಿಲ್ಲ. ಡಬ್ಬಿ ಇಲ್ಲದ ಹುಡುಗ ಎರಡು ಸಲ ತೆಗೆದುಕೊಂಡರೆ ನೋಡಬಾರದು ಎಂದು ನಮಗೆ, ಮೇಷ್ಟ್ರುಗಳಿಗೆ, ಹೇಳಿಟ್ಟಿದ್ದರು. ಊಟದ ಹೊತ್ತಿನಲ್ಲಿ ಬ್ರದರ್ ಅಲ್ಲೇ ಕೂತು ತಾವೂ ಬೋಸಿಯಿಂದಲೇ ತಿನ್ನುತ್ತಿದ್ದರು.

ಮುಂದೆ 2002ರಿಂದ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾಯಿತು, ಆಮೇಲೆ ಅನುದಾನಿತ ಶಾಲೆಗಳಿಗೂ ಬಿಸಿಯೂಟ ಬಂತು. ಬೋಸಿ ಬೇಕಾಗಲಿಲ್ಲ. ಅದು ಬೇಡವಾದದ್ದು ಖುಷಿಯ ವಿಷಯವೇ.

ಈಗ ಭಾಷೆಯ ಮಾತಿಗೆ ಬರುತ್ತೇನೆ. ನಾನು ಮುಖ್ಯವಾಗಿ ಹೇಳಬೇಕಿರುವುದು ಇದು.

ದೆ ಲಾ ಸಾಲ್ ಅವರ ಕಾಲದಲ್ಲಿ ಫ್ರಾನ್ಸಿನಲ್ಲಿ ಓದು ಕಲಿಸುವುದು ಲ್ಯಾಟಿನ್ನಿನಿಂದ ಶುರುವಾಗುತ್ತಿತ್ತು. ಮಗು ಮನೆಯಲ್ಲಿ ಆಡುವುದು ಒಂದು ಭಾಷೆ, ಶಾಲೆಯಲ್ಲಿ ಕೂಡಿಸಿ ಓದುವುದು ಇನ್ನೊಂದು. ಲ್ಯಾಟಿನ್ ಬಂದರೆ ಚರ್ಚು, ಕಾಲೇಜು, ದೊಡ್ಡ ಕೆಲಸ.  ದೆ ಲಾ ಸಾಲ್ ಅದನ್ನು ತಿರುಗಿಸಿದರು. ತಮ್ಮ ಶಾಲೆಗಳಲ್ಲಿ ಮೊದಲು ಫ್ರೆಂಚ್ ಓದಿಸಿದರು. ಶಾರ್ತ್ರ್ ಎಂಬ ಊರಿನ ಬಿಷಪ್ ಇದನ್ನು ಒಪ್ಪದಿದ್ದಾಗ ಕಾರಣಗಳನ್ನು ಒಂದೊಂದಾಗಿ ಬರೆದು ಕಳಿಸಿದರು. ಗೊತ್ತಿರುವ ಭಾಷೆಯಲ್ಲಿ ಓದು ಬೇಗ ಬರುತ್ತದೆ. ಕುಶಲಕರ್ಮಿಗಳ ಮಕ್ಕಳಿಗೆ, ಬಡವರ ಮಕ್ಕಳಿಗೆ ಶಾಲೆಯಲ್ಲಿ ಸಿಗುವುದು ಸ್ವಲ್ಪವೇ ಕಾಲ, ಆಮೇಲೆ ದುಡಿಯಲು ಹೋಗುತ್ತಾರೆ. ಲ್ಯಾಟಿನ್ನಿನಲ್ಲಿ ಶುರು ಮಾಡಿದರೆ ಅದೂ ಅರ್ಧ, ಇದೂ ಇಲ್ಲ. ಫ್ರೆಂಚ್ ಓದಲು ಬಂದವನಿಗೆ ಬೇಕಾದರೆ ಲ್ಯಾಟಿನ್ ಆಮೇಲೆ ಬೇಗ ಬರುತ್ತದೆ. ಇದರಲ್ಲಿ ಅವರು ಎಷ್ಟು ಗಟ್ಟಿ ನಿಂತರು ಅಂದರೆ, ಅವರ ಬ್ರದರ್‌ಗಳು ಲ್ಯಾಟಿನ್ ಕಲಿಸಬಾರದು ಎಂಬ ನಿಯಮ 1923ರವರೆಗೂ ಇತ್ತು.

ಇನ್ನೊಂದು ಬದಲಾವಣೆಯೂ ಇದರ ಜೊತೆಗೇ ಬಂತು. ಅಲ್ಲಿಯವರೆಗೆ ಮೇಷ್ಟ್ರು ಒಬ್ಬೊಬ್ಬ ಹುಡುಗನನ್ನು ಹತ್ತಿರ ಕರೆದು ಪಾಠ ಹೇಳುವುದು, ಉಳಿದವರು ಸುಮ್ನೆ ಕೂತಿರುವುದು ರೂಢಿ. ಇವರು ಒಂದೇ ಮಟ್ಟದ ಹುಡುಗರನ್ನು ಒಟ್ಟಿಗೆ ಕೂರಿಸಿ, ಎಲ್ಲರ ಕೈಗೂ ಒಂದೇ ಪುಸ್ತಕ ಕೊಟ್ಟು, ಎಲ್ಲರಿಗೂ ಒಟ್ಟಿಗೆ ಪಾಠ ಮಾಡಿದರು. ಮೊದಲು ಮಾಡಿದವರು ಅವರೊಬ್ಬರೇ ಅಲ್ಲ, ಆದರೆ ಇದನ್ನು ಊರೂರಿಗೆ ಹಬ್ಬಿಸಿದ್ದರಲ್ಲಿ ಅವರ ಪಾಲು ದೊಡ್ಡದು. ಪುಕ್ಕಟೆ ಬೇರೆ. ದುಡ್ಡು ತೆಗೆದುಕೊಂಡು ಬರಹ ಕಲಿಸುತ್ತಿದ್ದ ಪ್ಯಾರಿಸಿನ ಮೇಷ್ಟ್ರುಗಳು ಕೋರ್ಟಿಗೆ ಹೋದರು. 1704ರಲ್ಲಿ ಇವರ ಶಾಲೆಗಳಿಂದ ಸಾಮಾನುಗಳನ್ನೂ ಹೊತ್ತುಕೊಂಡು ಹೋದರು. 1950ರಲ್ಲಿ ಪೋಪ್ ಹನ್ನೆರಡನೇ ಪಯಸ್ ಇವರನ್ನು ಎಲ್ಲ ಮೇಷ್ಟ್ರುಗಳ ಪಾಲಕ ಸಂತ ಎಂದು ಘೋಷಿಸಿದ್ದು ಸುಮ್ನೆ ಅಲ್ಲ.

ಈ ದಾರಿಯಲ್ಲಿ ಬಂದವರು ನಮ್ಮ ನಾಡಿನಲ್ಲಿ ಇಂಗ್ಲಿಷ್ ಮೀಡಿಯಂನ ಗುರುತಾಗಿಬಿಟ್ಟರು. ಅದಕ್ಕೆ ಬ್ರಿಟಿಷರ ಕಾಲದ ಕಾರಣಗಳಿವೆ. ಆದರೂ ಬ್ರದರ್‌ಗಳ ಅನೇಕ ಶಾಲೆಗಳಲ್ಲಿ ಒಂದು ಕನ್ನಡ ಸೆಕ್ಷನ್ ಉಳಿದಿತ್ತು, ಅಲ್ವಾ? ನನ್ನ ಕಣ್ಣಿಗೆ ಅದು ಶಾಲೆಯ ಮೂಲೆಯ ಕೋಣೆಗಳಾಗಿರಲಿಲ್ಲ. ಅವರ ಹಿರಿಯರು ಶಾಲೆ ತೆರೆದದ್ದೇ ಅಂಥ ಹುಡುಗರಿಗಾಗಿ, ಅಂಥ ಭಾಷೆಯಲ್ಲಿ.

1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂದು ಆದೇಶ ಹೊರಡಿಸಿತು. ಅದು ಕೋರ್ಟುಗಳಲ್ಲಿ ಓಡಾಡಿ, 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಕಾನೂನು ಅಲ್ಲಿಗೆ ಮುಗಿಯಿತು. ನಮ್ಮ ಬಿ ಸೆಕ್ಷನ್ ಕಾನೂನಿನಿಂದ ಮುಚ್ಚಲಿಲ್ಲ. ಯಾರೂ ಅದನ್ನು ಬೇಡ ಎಂದು ಗಟ್ಟಿಯಾಗಿ ಹೇಳಲೂ ಇಲ್ಲ. ನಿವೃತ್ತರಾದ ಕನ್ನಡ ಮೀಡಿಯಂ ಮೇಷ್ಟ್ರುಗಳ ಜಾಗ ತುಂಬಲಿಲ್ಲ. ಅನುದಾನದ ಹುದ್ದೆ ತುಂಬಿಸಿಕೊಳ್ಳುವುದು ಆಡಳಿತ ಮಂಡಳಿಗೂ ಸುಲಭ ಇರಲಿಲ್ಲ, ಅದನ್ನು ಒಪ್ಪುತ್ತೇನೆ. ದಾಖಲಾತಿ ಇಳಿಯಿತು. ಒಂದು ಮೀಟಿಂಗಿನಲ್ಲಿ ಮುಂದಿನ ಜೂನಿನಿಂದ ಎಂಟನೇ ಬಿ ಇರುವುದಿಲ್ಲ ಎಂದು ಓದಿ ಹೇಳಿದರು. ಎರಡು ವರ್ಷಕ್ಕೆ ಒಂಬತ್ತು, ಹತ್ತೂ ಹೋದವು.

ಆ ಮೀಟಿಂಗಿನಲ್ಲಿ ನಾನು ಎದ್ದು ಮಾತಾಡಿದೆ. ಉತ್ತರ ಕೊಟ್ಟವರು ಹೇಳಿದ್ದು, ‘ಪೋಷಕರಿಗೇ ಬೇಡವಲ್ಲ ಸಾರ್.’ ಅದು ಸುಳ್ಳಲ್ಲ. ಲೈನ್ ಮನೆಯ ಒಬ್ಬ ತಾಯಿ ನನ್ನ ಹತ್ತಿರವೇ ಬಂದು, ‘ನನ್ ಮಗನೂ ಇಂಗ್ಲಿಷಲ್ಲೇ ಓದ್ಲಿ ಸಾರ್, ನಾವ್ ಪಟ್ಟ ಪಾಡು ಅವನಿಗೆ ಬ್ಯಾಡ’ ಅಂದಿದ್ದಳು. ಅವಳ ಆಸೆಗೆ ಎದುರು ಹೇಳುವ ಹಕ್ಕು ನನಗಿಲ್ಲ. ಆದರೆ ಶಾಲೆಯವರಿಗೆ ನನ್ನದೊಂದು ಪ್ರಶ್ನೆ ಇತ್ತು, ಈಗಲೂ ಇದೆ. ಫ್ರಾನ್ಸಿನಲ್ಲಿ ಆಗ ರೂಢಿಯಲ್ಲಿದ್ದದ್ದು ಲ್ಯಾಟಿನ್ನೇ. ಅಲ್ಲಿಯ ಬ್ರದರ್‌ಗಳು ಆ ರೂಢಿಯನ್ನು ಸುಮ್ನೆ ಒಪ್ಪಿಕೊಳ್ಳಲಿಲ್ಲ. ಮಕ್ಕಳು ಎಷ್ಟು ವರ್ಷ ಓದುತ್ತಾರೆ, ಆ ವರ್ಷಗಳಲ್ಲಿ ಕೈಗೆ ಏನು ಸಿಗುತ್ತದೆ ಎಂದು ಕೂತು ಲೆಕ್ಕ ಹಾಕಿದರು. ಒಪ್ಪದ ಬಿಷಪ್‌ಗೂ ಬಿಡಿಸಿ ಹೇಳಿದರು. ನಮ್ಮಲ್ಲಿ ಆ ಲೆಕ್ಕ ಯಾರೂ ಹಾಕಲಿಲ್ಲ. ಬಿ ಸೆಕ್ಷನ್ನಿನಲ್ಲೂ ಇಂಗ್ಲಿಷ್ ಒಂದು ಭಾಷೆಯಾಗಿ ಇತ್ತು. ಅದನ್ನು ಇನ್ನೂ ಚೆನ್ನಾಗಿ ಕಲಿಸೋಣ, ಒಬ್ಬ ಒಳ್ಳೆಯ ಮೇಷ್ಟ್ರನ್ನು ಅದಕ್ಕೇ ಇಡೋಣ ಎಂದು ಕೇಳಿದೆ. ಬರೆದುಕೊಂಡರು.

ಅಷ್ಟು ಹೊತ್ತಿಗೆ ಶಾಲೆಯಲ್ಲಿ ಬ್ರದರ್‌ಗಳೇ ಕಡಿಮೆಯಾಗಿದ್ದರು. ಮೊದಲು ಕ್ಲಾಸಿಗೊಬ್ಬರು ಅನ್ನುವಷ್ಟಿದ್ದವರು ಕೊನೆಗೆ ಆಫೀಸಿನಲ್ಲಿ ಒಬ್ಬರು, ಹಾಸ್ಟೆಲಿನಲ್ಲಿ ಒಬ್ಬರು. ಮನೆಯಲ್ಲಿ ಒಬ್ಬರೋ ಇಬ್ಬರೋ ಮಕ್ಕಳಿರುವಾಗ ಈ ಕೆಲಸಕ್ಕೆ ಮಗನನ್ನು ಯಾರು ಕಳಿಸುತ್ತಾರೆ? ಎಲ್ಲ ಸಭೆಗಳ ಕಥೆಯೂ ಈಗ ಇದೇ ಎಂದು ಹಳೆಯ ಬ್ರದರ್ ಫೋನಿನಲ್ಲಿ ಹೇಳಿದರು. ಅವರು ಈಗ ವಯಸ್ಸಾದ ಬ್ರದರ್‌ಗಳ ಮನೆಯಲ್ಲಿದ್ದಾರೆ. ಬಿ ಸೆಕ್ಷನ್ ಮುಚ್ಚಿದ ಸುದ್ದಿ ಹೇಳಿದಾಗ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದ್ದು ಒಂದೇ: ‘ಆ ಹುಡುಗರು ಈಗ ಎಲ್ಲಿಗೆ ಹೋಗುವುದು ಮೇಷ್ಟ್ರೇ? ಹತ್ತಿರ ಸರ್ಕಾರಿ ಹೈಸ್ಕೂಲು ಉಂಟಲ್ಲ, ಅಲ್ಲಿಗೆ ನೀವು ಹೋಗಿ ನೋಡಿ.’

ಹೋದೆ. ಅಲ್ಲಿಯ ಹೆಡ್‌ಮೇಡಂ ಮೊದಲು ಅನುಮಾನದಿಂದ ನೋಡಿದರು. ಸಂಬಳ ಬೇಡ, ಶನಿವಾರ ಬೆಳಗ್ಗೆ ಎಂಟನೇ ತರಗತಿಗೆ ಲೆಕ್ಕ ಹೇಳಿಕೊಡುತ್ತೇನೆ ಅಂದೆ. ಇಲಾಖೆಗೆ ಒಂದು ಅರ್ಜಿ ಬರೆದುಕೊಡಿ ಅಂದರು. ಕೊಟ್ಟೆ. ಈಗ ಹೋಗುತ್ತಿದ್ದೇನೆ. ಅಲ್ಲಿ ಹೆಣ್ಣುಮಕ್ಕಳೂ ಇದ್ದಾರೆ, ಲೈನಿನವರೇ ಹೆಚ್ಚು. ಅಸ್ಸಾಂನಿಂದ ತೋಟಕ್ಕೆ ಬಂದವರ ಮಕ್ಕಳೂ ಕೆಲವರಿದ್ದಾರೆ. ಅವರಿಗೆ ಕನ್ನಡವೇ ಹೊಸದು, ಅವರ ಹತ್ತಿರ ಬಟವಾಡೆಯ ಲೆಕ್ಕವನ್ನು ಕೈಯಲ್ಲಿ ನೋಟು ಹಿಡಿದೇ ಮಾಡಬೇಕು. ಹೆಡ್‌ಮೇಡಂಗೆ ಕೆಂಪು ರಟ್ಟಿನ ಪುಸ್ತಕದ ವಿಷಯ ಹೇಳಿದೆ. ಅವರು ತಾವೇ ಒಂದು ಉದ್ದ ನೋಟ್‌ಬುಕ್ ತರಿಸಿ, ಮಕ್ಕಳಿಗೆ ಒಂದೊಂದು ಪುಟ ಬಿಟ್ಟು, ಬರೆಯಲು ಶುರು ಮಾಡಿದ್ದಾರೆ.

ಆ ಪುಟಗಳಲ್ಲಿ ಎದ್ದು ಕಾಣುತ್ತಿರುವುದು ಎರಡು ವಿಷಯ. ಬೋರ್ಡ್ ಕಾಣದ ಮಕ್ಕಳಿದ್ದಾರೆ, ಅವರಿಗೆ ಕನ್ನಡಕ ಮಾಡಿಸಬೇಕು. ಏಳನೇ ತರಗತಿ ದಾಟಿ ಬಂದರೂ ಭಾಗಾಕಾರ ಬಾರದ ಮಕ್ಕಳು ಬಹಳ. ನಮ್ಮ ಬಿ ಸೆಕ್ಷನ್ನಿನಲ್ಲಿ ಕೂತವರು ಯಾರಾದರೂ ಇದನ್ನು ಓದುತ್ತಿದ್ದರೆ ಇಲ್ಲಿ ಕೆಳಗೆ ಬರೆಯಿರಿ. ನಿಮ್ಮಲ್ಲಿ ಕೆಲವರು ಈಗ ಚಿಕ್ಕಮಗಳೂರಿನಲ್ಲೇ ಇದ್ದೀರಿ, ಸ್ವಂತ ಗ್ಯಾರೇಜು, ಅಂಗಡಿ, ಮೇಷ್ಟ್ರ ಕೆಲಸ ಅಂತ ನೆಲೆ ಕಂಡಿದ್ದೀರಿ ಎಂದು ಗೊತ್ತು. ಕನ್ನಡಕಕ್ಕೆ ಸಹಾಯ ಮಾಡಿದರೆ ಒಳ್ಳೆಯದು. ಶನಿವಾರ ಬೆಳಗ್ಗೆ ಎರಡು ಗಂಟೆ ಬಿಡುವು ಮಾಡಿಕೊಂಡು ಬಂದು ಒಂದು ಬೆಂಚಿನ ಪಕ್ಕ ಕೂತರೆ ಇನ್ನೂ ಒಳ್ಳೆಯದು. ಮಕ್ಕಳು ಜಾಸ್ತಿ ಇದ್ದಾರೆ, ಅಷ್ಟು ಜನರಿಗೆ ನಾನೊಬ್ಬನೇ ಸಾಲುತ್ತಿಲ್ಲ.